ಕಪ್ ಗೆಲ್ಲದ ಬಿಲ್ಲಿ ಬೀನ್ ದೊಡ್ಡವರು ಹೇಗಾದರು?

ಪ್ರಶ್ನೆ: ‘ಮನಿಬಾಲ್’ ಸಿನಿಮಾ ನೋಡಿದೆ. ಅದರಲ್ಲಿ ಬರುವ ಬಿಲ್ಲಿ ಬೀನ್ ಬೇಸ್‌ಬಾಲ್‌ನ ಚಹರೆಯನ್ನೇ ಬದಲಿಸಿದ ಜನರಲ್ ಮ್ಯಾನೇಜರ್ ಎನ್ನುತ್ತಾರೆ. ಆದರೆ ಹುಡುಕಿ ನೋಡಿದರೆ ಅವರ ತಂಡ ಒಮ್ಮೆಯೂ ಕಪ್ ಗೆದ್ದಿಲ್ಲ, ಫೈನಲ್ ಕೂಡ ತಲುಪಿಲ್ಲ. ತಾವು ಓಕ್ಲೆಂಡ್ ತಂಡದ ಹಳೆಯ ಅಭಿಮಾನಿ. ಕಪ್ಪೇ ಗೆಲ್ಲದವರನ್ನು ಯಾವ ಲೆಕ್ಕದಲ್ಲಿ ದೊಡ್ಡವರೆನ್ನುವುದು? ತಾವಾದರೆ ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸುತ್ತೀರಾ?
ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಈ ವಿಷಯದಲ್ಲಿ ಓಕ್ಲೆಂಡ್ ಅಭಿಮಾನಿಗಳಲ್ಲೇ ಒಮ್ಮತವಿಲ್ಲ. ನನ್ನ ತೀರ್ಪು ಹೇಳುವ ಮೊದಲು ಆ ಹುದ್ದೆಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಕ್ರಿಕೆಟ್ ನೋಡುತ್ತಾ ಬೆಳೆದ ನಮಗೆ ಅದು ಬೇಗ ಅರ್ಥವಾಗುವಂಥದ್ದಲ್ಲ.

ಪಂದ್ಯ ನಡೆಸುವವರು ಮೈದಾನದ ಮ್ಯಾನೇಜರ್. ಯಾರು ಮೊದಲು ಬ್ಯಾಟ್ ಮಾಡಬೇಕು, ಪಿಚರ್‌ನನ್ನು ಯಾವಾಗ ಬದಲಿಸಬೇಕು ಎಂಬುದೆಲ್ಲ ಅವರ ತಲೆನೋವು. ಅವರ ಕೈಗೆ ಆಟಗಾರರನ್ನು ಒದಗಿಸುವವರು ಜನರಲ್ ಮ್ಯಾನೇಜರ್. ಡ್ರಾಫ್ಟ್‌ನಲ್ಲಿ ಯಾವ ಕಾಲೇಜು ಹುಡುಗನನ್ನು ಆರಿಸಬೇಕು, ಡೊಮಿನಿಕನ್ ರಿಪಬ್ಲಿಕ್‌ನ ಯಾವ ಹದಿಹರೆಯದವನಿಂದ ಸಹಿ ಹಾಕಿಸಿಕೊಳ್ಳಬೇಕು, ಯಾರನ್ನು ಕೊಟ್ಟು ಯಾರನ್ನು ತರಬೇಕು, ಯಾರಿಗೆ ಎಷ್ಟು ವರ್ಷದ ಕರಾರು, ಯಾರನ್ನು ಕೈಬಿಡಬೇಕು ಎಂಬುದೆಲ್ಲ ಅವರದೇ. ಇಂಥ ಒಂದು ತೀರ್ಮಾನದ ಫಲ ಕಾಣಲು ಎಂಟು ವರ್ಷ ಹಿಡಿದ ಉದಾಹರಣೆಗಳಿವೆ.

ಇನ್ನೊಂದು ನಿಯಮ ತಿಳಿಯದೆ ಬೀನ್ ಅರ್ಥವಾಗುವುದಿಲ್ಲ. ಮೇಜರ್ ಲೀಗ್‌ಗೆ ಬಂದ ಹುಡುಗ ಆರು ವರ್ಷ ತನ್ನನ್ನು ಕರೆತಂದ ತಂಡಕ್ಕೇ ಕಟ್ಟುಬಿದ್ದಿರುತ್ತಾನೆ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಅವನ ಸಂಬಳ ಕನಿಷ್ಠ ವೇತನದ ಆಸುಪಾಸು. ಆಮೇಲಿನ ಮೂರು ವರ್ಷ ಪಂಚಾಯಿತಿ ನಡೆದು ಏರುತ್ತದೆ. ಆರು ತುಂಬಿದರೆ ಫ್ರೀ ಏಜೆಂಟ್. ಹೆಚ್ಚು ಕೊಟ್ಟವರ ಕಡೆ ಹೋಗಬಹುದು. ಎಲ್ಲ ತಂಡಗಳಿಗೂ ಒಂದೇ ಮಿತಿ ಎಂಬ ಐಪಿಎಲ್ ಹರಾಜಿನ ಪದ್ಧತಿ ಅಲ್ಲಿಲ್ಲ. 2002ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಆಟಗಾರರ ಸಂಬಳಕ್ಕೆ ಸುಮಾರು 12.5 ಕೋಟಿ ಡಾಲರ್ ಸುರಿಯಿತು, ಓಕ್ಲೆಂಡ್ ಅಥ್ಲೆಟಿಕ್ಸ್ ಸುಮಾರು 4 ಕೋಟಿ. ಆ ವರ್ಷ ಎರಡೂ ತಂಡ ತಲಾ 103 ಪಂದ್ಯ ಗೆದ್ದವು.

ಆ ಒಂದು ಸಾಲಿನ ಮೇಲೆಯೇ ಬೀನ್ ಅವರ ಕೀರ್ತಿ ನಿಂತಿದೆ. ಮೈಕಲ್ ಲೂಯಿಸ್ 2003ರಲ್ಲಿ ಪುಸ್ತಕ ಬರೆದದ್ದೂ, 2011ರಲ್ಲಿ ಬ್ರಾಡ್ ಪಿಟ್ ಸಿನಿಮಾದಲ್ಲಿ ಬೀನ್ ಪಾತ್ರ ಮಾಡಿದ್ದೂ ಅದರಿಂದಲೇ. ವಿಧಾನ ಸರಳವಾಗಿತ್ತು. ನಾಲ್ಕು ಕೆಟ್ಟ ಎಸೆತಗಳನ್ನು ಮುಟ್ಟದೆ ಬಿಟ್ಟರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ ಸಿಗುತ್ತದೆ, ಅದು ವಾಕ್. ವಾಕ್ ಪಡೆಯುವವರನ್ನು ಬಹುಪಾಲು ತಂಡಗಳು ಅಗ್ಗಕ್ಕೆ ಬಿಟ್ಟುಕೊಡುತ್ತಿದ್ದವು, ಏಕೆಂದರೆ ಅವರ ಬ್ಯಾಟಿಂಗ್ ಸರಾಸರಿ ಸಾಧಾರಣವಾಗಿ ಕಾಣುತ್ತಿತ್ತು. ಔಟಾಗದೆ ಬೇಸ್ ಸೇರುವ ಪ್ರಮಾಣವೇ ರನ್ನುಗಳ ಮೂಲ ಎಂದು ಓಕ್ಲೆಂಡ್ ಕಚೇರಿ ಲೆಕ್ಕ ಹಾಕಿತು. ಮೊಣಕೈ ಕೆಟ್ಟು ಕ್ಯಾಚರ್ ಕೆಲಸಕ್ಕೆ ಬಾರದ ಸ್ಕಾಟ್ ಹ್ಯಾಟೆಬರ್ಗ್ ಅವರನ್ನು ಕರೆತಂದು ಮೊದಲ ಬೇಸ್‌ನಲ್ಲಿ ನಿಲ್ಲಿಸಿತು. ಅದೇ ಹ್ಯಾಟೆಬರ್ಗ್ ಹೋಮ್ ರನ್ ಹೊಡೆದು ಸತತ 20ನೇ ಗೆಲುವು ತಂದರು. ಆ ಪಂದ್ಯದಲ್ಲಿ 11-0 ಮುನ್ನಡೆ ಕರಗಿ 11-11 ಆಗಿತ್ತು. ಸಿನಿಮಾದಲ್ಲಿ ನೀವು ಕಂಡ ದೃಶ್ಯ ಅದು, ನಡೆದದ್ದೂ ಹಾಗೆಯೇ.

ಆದರೆ ಸಿನಿಮಾ ಮರೆಮಾಡಿದ್ದು ಬಹಳವಿದೆ. ಆ ತಂಡದಲ್ಲಿ ಟಿಮ್ ಹಡ್ಸನ್, ಮಾರ್ಕ್ ಮಲ್ಡರ್, ಬ್ಯಾರಿ ಜಿಟೊ ಎಂಬ ಮೂವರು ಪಿಚರ್‌ಗಳಿದ್ದರು. ಮೂವರೂ ಡ್ರಾಫ್ಟ್‌ನಲ್ಲಿ ಸಿಕ್ಕವರು, ಮೂವರೂ ಆರು ವರ್ಷದ ಅಗ್ಗದ ಅವಧಿಯಲ್ಲಿದ್ದವರು. 2002ರಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಜಿಟೊಗೆ, ಶ್ರೇಷ್ಠ ಆಟಗಾರ ಪ್ರಶಸ್ತಿ ಶಾರ್ಟ್‌ಸ್ಟಾಪ್ ಮಿಗೆಲ್ ತೆಹಾಡಾಗೆ. ತೆಹಾಡಾ, ಮೂರನೇ ಬೇಸ್‌ನ ಎರಿಕ್ ಶಾವೆಜ್, ಹಡ್ಸನ್ ಇವರೆಲ್ಲ ಬೀನ್ ಗದ್ದುಗೆಗೆ ಬರುವ ಮೊದಲೇ ಸಂಸ್ಥೆಗೆ ಬಂದಿದ್ದವರು. ಹಿಂದಿನ ಜನರಲ್ ಮ್ಯಾನೇಜರ್ ಸ್ಯಾಂಡಿ ಆಲ್ಡರ್ಸನ್ 1997ರ ಶರತ್ಕಾಲದಲ್ಲಿ ಕುರ್ಚಿ ಬಿಟ್ಟುಕೊಡುವಾಗ ಈ ಬೆಳೆಯನ್ನೂ, ಬೇಸ್ ಸೇರುವ ಲೆಕ್ಕದ ಪಾಠವನ್ನೂ ಬೀನ್ ಕೈಗೆ ಒಪ್ಪಿಸಿ ಹೋದರು. ಜನರಲ್ ಮ್ಯಾನೇಜರ್‌ನ ಖಾತೆ ಬರೆಯುವಾಗ ಮೊದಲ ಪುಟದಲ್ಲಿ ಪಿತ್ರಾರ್ಜಿತ ಎಷ್ಟು ಎಂದು ನಮೂದಿಸಲೇಬೇಕು. ಬೀನ್ ವಿಷಯದಲ್ಲಿ ಅದು ದೊಡ್ಡ ಮೊತ್ತ. ಅದನ್ನು ಕಳೆದ ಮೇಲೂ ಉಳಿಯುವುದು ಕಡಿಮೆಯಲ್ಲ: 1999ರಿಂದ 2006ರವರೆಗೆ ಒಂದು ವರ್ಷವೂ ಅವರ ತಂಡ ಸೋಲಿಗಿಂತ ಕಡಿಮೆ ಗೆಲುವು ಕಾಣಲಿಲ್ಲ.

ಈಗ ನಿಮ್ಮ ಕಪ್ಪಿನ ಮಾತಿಗೆ ಬರುತ್ತೇನೆ. 2000, 2001, 2002, 2003: ನಾಲ್ಕು ವರ್ಷವೂ ಓಕ್ಲೆಂಡ್ ಪ್ಲೇಆಫ್‌ಗೆ ಹೋಯಿತು, ನಾಲ್ಕು ವರ್ಷವೂ ಐದು ಪಂದ್ಯಗಳ ಮೊದಲ ಸುತ್ತಿನ ಐದನೇ ಪಂದ್ಯದಲ್ಲಿ ಸೋತಿತು. 2012, 2013ರಲ್ಲಿ ಮತ್ತೆ ಐದನೇ ಪಂದ್ಯ, ಎರಡೂ ಸಲ ಡೆಟ್ರಾಯ್ಟ್‌ನ ಜಸ್ಟಿನ್ ವರ್ಲ್ಯಾಂಡರ್ ಎದುರು. 2014, 2018, 2019ರಲ್ಲಿ ಒಂದೇ ಪಂದ್ಯದ ವೈಲ್ಡ್ ಕಾರ್ಡ್, ಮೂರೂ ಸೋಲು. ಗೆದ್ದವರು ಉಳಿದು ಸೋತವರು ಮನೆಗೆ ಹೋಗುವ ಪಂದ್ಯಗಳಲ್ಲಿ ಸತತ ಒಂಬತ್ತು ಸೋಲು. ನಡುವೆ 2006ರಲ್ಲಿ ಮಿನ್ನೆಸೋಟವನ್ನು ನೇರ ಮೂರು ಪಂದ್ಯಗಳಲ್ಲಿ ಮಣಿಸಿ ಮುಂದಿನ ಸುತ್ತಿಗೆ ಹೋದರು. ಅಲ್ಲಿ ಡೆಟ್ರಾಯ್ಟ್ ನೇರ ನಾಲ್ಕರಲ್ಲಿ ಮುಗಿಸಿತು.

ಈ ಸರಣಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿ. 2001ರ ಅಕ್ಟೋಬರ್ 13, ಓಕ್ಲೆಂಡ್ ಕೊಲಿಸಿಯಂ. ನ್ಯೂಯಾರ್ಕ್‌ನಲ್ಲೇ ಎರಡು ಪಂದ್ಯ ಗೆದ್ದು ಬಂದಿದ್ದೇವೆ, ಇನ್ನೊಂದು ಸಾಕು. ಜಿಟೊ ಅಮೋಘವಾಗಿ ಎಸೆದಿದ್ದಾರೆ, ಕೊಟ್ಟದ್ದು ಒಂದೇ ರನ್. ಏಳನೇ ಇನ್ನಿಂಗ್ಸ್‌ನಲ್ಲಿ ಇಬ್ಬರು ಔಟ್, ಮೊದಲ ಬೇಸ್‌ನಲ್ಲಿ ಜೆರೆಮಿ ಜಿಯಾಂಬಿ. ಟೆರೆನ್ಸ್ ಲಾಂಗ್ ಬಲಮೂಲೆಗೆ ಹೊಡೆದರು, ಜಿಯಾಂಬಿ ಹೋಮ್‌ವರೆಗೂ ಓಡಿದರು. ಬಲಗಡೆಯಿಂದ ಬಂದ ಎಸೆತ ಮಧ್ಯೆ ನಿಂತ ಇಬ್ಬರ ತಲೆಯ ಮೇಲೆ ಹಾರಿಹೋಯಿತು. ರನ್ ಬಂದೇಬಿಟ್ಟಿತು ಎನ್ನುವಾಗ ಯಾಂಕೀಸ್ ಶಾರ್ಟ್‌ಸ್ಟಾಪ್ ಡೆರೆಕ್ ಜೆಟರ್, ಆ ಜಾಗದಲ್ಲಿ ಯಾರೂ ನಿರೀಕ್ಷಿಸದ ಆಟಗಾರ, ಮೈದಾನ ದಾಟಿ ಓಡಿಬಂದು ಚೆಂಡು ಹಿಡಿದು ಓಟದಲ್ಲೇ ಕ್ಯಾಚರ್ ಕಡೆ ಚಿಮ್ಮಿಸಿದರು. ಜಿಯಾಂಬಿ ಕ್ಯಾಚರ್ ಕೈಗೆ ಸಿಗದಂತೆ ನೆಲದ ಮೇಲೆ ಜಾರಿ ಬರದೆ ನಿಂತೇ ಬಂದರು. ಕಾಲಿಗೆ ಚೆಂಡು ತಾಗಿತು, ಔಟ್. ಪಂದ್ಯ 1-0 ಸೋಲು. ಮುಂದಿನ ಎರಡೂ ಸೋಲು.

ಇದಕ್ಕೆ ಜನರಲ್ ಮ್ಯಾನೇಜರ್ ಹೊಣೆಯೇ? ಜಿಯಾಂಬಿ ಜಾರಲಿಲ್ಲ ಎಂಬುದಕ್ಕೆ ಬೀನ್ ಅವರನ್ನು ದೂರುವವರನ್ನು ನಾನು ಕಂಡಿದ್ದೇನೆ, ನನಗೆ ಅದು ಒಪ್ಪಿಗೆಯಿಲ್ಲ. 162 ಪಂದ್ಯಗಳಲ್ಲಿ ತಂಡದ ನಿಜವಾದ ಬಲ ಹೊರಬೀಳುತ್ತದೆ. ಐದು ಪಂದ್ಯಗಳಲ್ಲಿ ಒಂದು ಎಸೆತ, ಒಂದು ಗಾಯ, ಒಬ್ಬ ಜೆಟರ್ ಸಾಕು. ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಬ್ರಯಾನ್ ಸೇಬಿಯನ್ ಅವರನ್ನೇ ನೋಡಿ. ಅಂಕಿಅಂಶದವರು ಹಳೆಯ ಕಾಲದ ಮನುಷ್ಯ ಎಂದು ಅವರನ್ನು ವರ್ಷಗಟ್ಟಲೆ ಜರೆದರು. 2006ರ ಕೊನೆಗೆ ನಮ್ಮ ಜಿಟೊಗೆ ಏಳು ವರ್ಷಕ್ಕೆ 12.6 ಕೋಟಿ ಡಾಲರ್ ಕೊಟ್ಟು ಕೈಸುಟ್ಟುಕೊಂಡವರೂ ಅವರೇ. 2010, 2012, 2014ರಲ್ಲಿ ಮೂರು ಕಪ್ ಬಂತು. ಅದರಲ್ಲಿ 2012ರದ್ದು ಸೇಂಟ್ ಲೂಯಿಸ್‌ನಲ್ಲಿ ಅದೇ ಜಿಟೊ ರನ್ ಕೊಡದೆ ಎಸೆದು ಸರಣಿ ಉಳಿಸಿದ್ದರಿಂದ ಸಾಧ್ಯವಾಯಿತು. ಸೇಬಿಯನ್ ಶ್ರೇಷ್ಠರೇ. ಆದರೆ 3-0 ಎಂಬ ಕಪ್ಪಿನ ಲೆಕ್ಕ ಇಬ್ಬರ ಕೌಶಲದ ಅಂತರ ಎಂದು ನಂಬಲು ನಾನು ತಯಾರಿಲ್ಲ.

ಹಾಗಾದರೆ ಬೀನ್ ಮೇಲೆ ದೂರೇ ಇಲ್ಲವೇ? ಇದೆ, ಮತ್ತು ಅದು ಕಪ್ಪಿಗಿಂತ ಗಂಭೀರವಾದದ್ದು.

ಒಂದು ವಹಿವಾಟಿನ ಎಳೆ ಹಿಡಿದು ಹೋಗೋಣ. 2004ರ ಡಿಸೆಂಬರ್‌ನಲ್ಲಿ ಎರಡೇ ದಿನದ ಅಂತರದಲ್ಲಿ ಹಡ್ಸನ್ ಮತ್ತು ಮಲ್ಡರ್ ಇಬ್ಬರನ್ನೂ ಬೀನ್ ಕಳಿಸಿಕೊಟ್ಟರು. ಅವಧಿ ಮುಗಿಯುತ್ತಾ ಬಂದಿತ್ತು, ಉಳಿಸಿಕೊಳ್ಳುವ ಹಣ ಮಾಲೀಕರು ಕೊಡುತ್ತಿರಲಿಲ್ಲ. ಸುಮ್ಮನೆ ಕಳೆದುಕೊಳ್ಳುವ ಬದಲು ಏನಾದರೂ ಬರಲಿ ಎಂಬ ಲೆಕ್ಕ. ಹಡ್ಸನ್‌ಗೆ ಬದಲಾಗಿ ಬಂದ ಮೂವರು ಏನೂ ಆಗಲಿಲ್ಲ. ಮಲ್ಡರ್‌ಗೆ ಬದಲಾಗಿ ಬಂದವರಲ್ಲಿ ಡ್ಯಾನ್ ಹ್ಯಾರೆನ್ ಎಂಬ ಯುವ ಪಿಚರ್ ಇದ್ದರು. ಮಲ್ಡರ್ ಸೇಂಟ್ ಲೂಯಿಸ್‌ನಲ್ಲಿ ಒಂದು ವರ್ಷ ಚೆನ್ನಾಗಿ ಆಡಿದರು, ಆಮೇಲೆ ಭುಜ ಕೈಕೊಟ್ಟಿತು. ಹ್ಯಾರೆನ್ ಇಲ್ಲಿ ಮೂರು ವರ್ಷ ಮಿಂಚಿದರು. ಅಮೋಘ ವ್ಯಾಪಾರ. 2007ರ ಡಿಸೆಂಬರ್‌ನಲ್ಲಿ ಹ್ಯಾರೆನ್ ಅರಿಝೋನಾಕ್ಕೆ. ಬಂದ ಆರು ಹುಡುಗರಲ್ಲಿ ಕಾರ್ಲೋಸ್ ಗೊನ್ಸಾಲೆಸ್ ಒಬ್ಬರು. ಮರುವರ್ಷವೇ ಗೊನ್ಸಾಲೆಸ್ ಕೊಲರಾಡೋಗೆ, ಬದಲಿಗೆ ಮ್ಯಾಟ್ ಹಾಲಿಡೇ. ಎಂಟು ತಿಂಗಳಲ್ಲಿ ಹಾಲಿಡೇ ಸೇಂಟ್ ಲೂಯಿಸ್‌ಗೆ, ಬದಲಿಗೆ ಮುಖ್ಯವಾಗಿ ಬ್ರೆಟ್ ವಾಲೆಸ್. ಐದು ತಿಂಗಳಲ್ಲಿ ವಾಲೆಸ್ ಟೊರಾಂಟೊಗೆ, ಬದಲಿಗೆ ಮೈಕಲ್ ಟೇಲರ್. ಟೇಲರ್ ಮೇಜರ್ ಲೀಗ್‌ನಲ್ಲಿ ಬೇರೂರಲೇ ಇಲ್ಲ. 2010ರಲ್ಲಿ ಗೊನ್ಸಾಲೆಸ್ ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಚಾಂಪಿಯನ್ ಆದರು, ಕೊಲರಾಡೋ ಅಂಗಿಯಲ್ಲಿ.

ಮೊದಲ ಎರಡು ಮಾರಾಟಕ್ಕೆ ಬಡತನ ಕಾರಣವಾಗಿತ್ತು. ಗೊನ್ಸಾಲೆಸ್ ಅವರನ್ನು ಬಿಡಲು ಬಡತನ ಕಾರಣವಲ್ಲ. ಐದಕ್ಕೂ ಹೆಚ್ಚು ವರ್ಷ ಅವರು ನಮ್ಮವರಾಗಿ ಇರುತ್ತಿದ್ದರು. ಅಷ್ಟರಲ್ಲಿ ಕೈ ಬದಲಾಯಿಸುವುದೇ ಅಭ್ಯಾಸವಾಗಿಬಿಟ್ಟಿತ್ತು ಎಂಬುದು ನನ್ನ ಆರೋಪ. 2014 ಅದರ ತುದಿ. ಆ ವರ್ಷ ಅರ್ಧ ಸೀಸನ್ ತಂಡ ಬೇಸ್‌ಬಾಲ್‌ನಲ್ಲೇ ಶ್ರೇಷ್ಠವಾಗಿತ್ತು. ಜುಲೈ 31ರಂದು ಜನಪ್ರಿಯ ಹೊಡೆತಗಾರ ಯೋಯೆನಿಸ್ ಸೆಸ್ಪೆಡೆಸ್ ಅವರನ್ನು ಬಾಸ್ಟನ್‌ಗೆ ಕೊಟ್ಟು ಪಿಚರ್ ಜಾನ್ ಲೆಸ್ಟರ್ ಅವರನ್ನು ತಂದರು. ದೊಡ್ಡ ಪಂದ್ಯ ಗೆಲ್ಲಲೆಂದೇ ಮಾಡಿದ ವ್ಯಾಪಾರ ಅದು, ಅದರ ಧೈರ್ಯವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ದೊಡ್ಡ ಪಂದ್ಯ ಬಂತು, ಕಾನ್ಸಸ್ ಸಿಟಿಯಲ್ಲಿ. ಲೆಸ್ಟರ್ ಕೈಯಲ್ಲಿ ಚೆಂಡು, ಎಂಟನೇ ಇನ್ನಿಂಗ್ಸ್‌ನಲ್ಲಿ 7-3 ಮುನ್ನಡೆ. ಮೊದಲ ಕ್ಯಾಚರ್ ಆರಂಭದಲ್ಲೇ ಹೆಬ್ಬೆರಳು ನೋಯಿಸಿಕೊಂಡು ಹೊರಹೋಗಿದ್ದರು. ಕಾನ್ಸಸ್ ಸಿಟಿಯವರು ಏಳು ಬೇಸ್ ಕದ್ದರು. 12ನೇ ಇನ್ನಿಂಗ್ಸ್‌ನಲ್ಲಿ 9-8 ಸೋಲು.

ಆ ಸೋಲನ್ನು ಕ್ಷಮಿಸಬಲ್ಲೆ. ಎರಡು ತಿಂಗಳ ನಂತರದ್ದು ನನಗೆ ಸುಲಭವಲ್ಲ. ಮೂರನೇ ಬೇಸ್‌ನ ಜಾಶ್ ಡೊನಾಲ್ಡ್‌ಸನ್ ಅವರನ್ನು ನವೆಂಬರ್ ಕೊನೆಗೆ ಟೊರಾಂಟೊಗೆ ಕೊಟ್ಟು ನಾಲ್ವರನ್ನು ತೆಗೆದುಕೊಂಡರು. ಅವರು ಫ್ರೀ ಏಜೆಂಟ್ ಆಗಲು ಇನ್ನೂ ನಾಲ್ಕು ವರ್ಷವಿತ್ತು. ಕ್ಯಾಚರ್ ಆಗಿ ಬಂದವರನ್ನು ಮೂರನೇ ಬೇಸ್‌ಗೆ ತಿದ್ದಿ ಬೆಳೆಸಿದ್ದು ಇದೇ ಸಂಸ್ಥೆ. 2015ರಲ್ಲಿ ಅವರು 41 ಹೋಮ್ ರನ್ ಹೊಡೆದು ಅಮೆರಿಕನ್ ಲೀಗ್‌ನ ಶ್ರೇಷ್ಠ ಆಟಗಾರರಾದರು, ಓಕ್ಲೆಂಡ್ 94 ಪಂದ್ಯ ಸೋತಿತು. ಡೊನಾಲ್ಡ್‌ಸನ್ ಹೋದ ಮರುತಿಂಗಳು ಶಿಕಾಗೊದಿಂದ ತಂದ ಮಾರ್ಕಸ್ ಸಿಮಿಯನ್ ಮುಂದೆ ಬಹಳ ದೊಡ್ಡ ಆಟಗಾರರಾದರು, ಅದನ್ನೂ ಖಾತೆಗೆ ಹಾಕಬೇಕು. ಫಲ ನೋಡಿ ತೀರ್ಪು ಕೊಡುವುದು ಸುಲಭ. ಆ ದಿನ ಗೊತ್ತಿದ್ದದ್ದು ಏನು ಎಂದೇ ಕೇಳಬೇಕು. ಡೊನಾಲ್ಡ್‌ಸನ್ ವಿಷಯದಲ್ಲಿ ಆ ದಿನ ಗೊತ್ತಿದ್ದದ್ದಿಷ್ಟು: ಲೀಗ್‌ನ ಉತ್ತಮ ಮೂರನೇ ಬೇಸ್‌ಮನ್, ಸಂಬಳ ಕಡಿಮೆ, ನಾಲ್ಕು ವರ್ಷ ಬಾಕಿ. ಅದಕ್ಕೇ ಈ ಒಂದು ವ್ಯಾಪಾರವನ್ನು ನಾನು ತಪ್ಪು ಎನ್ನುತ್ತೇನೆ.

ಇದರ ಪೆಟ್ಟು ಬಿದ್ದದ್ದು ಅಂಕಪಟ್ಟಿಯ ಮೇಲೆ ಮಾತ್ರವಲ್ಲ. ನಾನು ಫ್ರೀಮಾಂಟ್‌ನಲ್ಲಿದ್ದ ವರ್ಷಗಳಲ್ಲಿ ಬಾರ್ಟ್ ರೈಲು ಹತ್ತಿ ಕೊಲಿಸಿಯಂ ನಿಲ್ದಾಣದಲ್ಲಿಳಿದು, ತಂತಿಬೇಲಿಯ ಉದ್ದನೆಯ ಸೇತುವೆ ದಾಟಿ ಹೋಗುತ್ತಿದ್ದೆವು. ಟಿಕೆಟ್ ಅಗ್ಗ, ದೂರದ ಸೀಟುಗಳಲ್ಲಿ ಡ್ರಮ್ ಬಾರಿಸುವ ಗುಂಪು, ಕಾರ್ಖಾನೆಯವರು, ಶಾಲಾ ಮೇಷ್ಟರು, ನಮ್ಮಂಥ ಸಾಫ್ಟ್‌ವೇರ್ ಮಂದಿ, ಎಲ್ಲ ಒಟ್ಟಿಗೆ ಗಂಟಲು ಹರಿದುಕೊಳ್ಳುತ್ತಿದ್ದೆವು. ಆ ಸೇತುವೆಯ ಮೇಲೆ ಮಕ್ಕಳಿಗೆ ಅಂಗಿ ಕೊಡಿಸುವ ತಂದೆತಾಯಿ ಬೆನ್ನ ಮೇಲೆ ಯಾರ ಹೆಸರಿರಲಿ ಎಂದು ಯೋಚಿಸುತ್ತಾ ನಿಲ್ಲುವುದನ್ನು ನೋಡುತ್ತಿದ್ದೆ. ಕೊನೆಗೆ ಹೆಸರಿಲ್ಲದ ಅಂಗಿಯನ್ನೇ ಆರಿಸುತ್ತಿದ್ದರು. ಇಷ್ಟವಾದ ಆಟಗಾರ ಮಗುವಿಗೆ ಅಂಗಿ ಚಿಕ್ಕದಾಗುವವರೆಗೂ ಇರುತ್ತಾನೆಂಬ ನಂಬಿಕೆ ಓಕ್ಲೆಂಡ್‌ನಲ್ಲಿ ಯಾರಿಗೂ ಇರಲಿಲ್ಲ.

2015ರ ಸೆಪ್ಟೆಂಬರ್ 26ರಂದು ಇದೆಲ್ಲ ಒಂದೇ ಮಧ್ಯಾಹ್ನ ಕಣ್ಣಮುಂದೆ ಬಂತು. ಹಡ್ಸನ್ ಜೈಂಟ್ಸ್ ಪರ, ಜಿಟೊ ಮರಳಿ ನಮ್ಮ ಪರ, ಕೊಲಿಸಿಯಂನಲ್ಲಿ ಎದುರುಬದುರು. ಮಲ್ಡರ್ ಕೂಡ ಬಂದಿದ್ದರು. ಇಬ್ಬರಿಗೂ ವೃತ್ತಿಜೀವನದ ಸಂಜೆ. ಬೇಗನೆ ರನ್ ಕೊಟ್ಟು ಬೇಗನೆ ನಿರ್ಗಮಿಸಿದರು. ಎದುರಾಳಿ ಅಂಗಿ ತೊಟ್ಟ ಹಡ್ಸನ್‌ಗೂ ಓಕ್ಲೆಂಡ್ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಬ್ಬರಿಗೂ ಕಪ್ ಗೆದ್ದವರಿಗೆ ಸಿಗುವ ವರ್ಲ್ಡ್ ಸೀರೀಸ್ ಉಂಗುರ ಸಿಕ್ಕದ್ದು ಜೈಂಟ್ಸ್‌ನಲ್ಲಿ.

ಇಷ್ಟಕ್ಕೆಲ್ಲ ಬೀನ್ ಒಬ್ಬರನ್ನೇ ಹೊಣೆ ಮಾಡಿದರೆ ಅನ್ಯಾಯ. ಅವರ ಮೇಲೆ ಮಾಲೀಕರಿದ್ದರು. ಕಡಿಮೆ ಹಣದಲ್ಲೂ ಗೆಲ್ಲಬಹುದು ಎಂದು ಬೀನ್ ತೋರಿಸಿಕೊಟ್ಟರು. ಮಾಲೀಕರು ಅದರಿಂದ ಕಡಿಮೆ ಹಣವೇ ಸಾಕು ಎಂದು ಕಲಿತರು. 2005ರಲ್ಲಿ ಬಂದ ಮಾಲೀಕರ ಬಳಗದಲ್ಲಿ ಮುಖ್ಯ ಹಣ ಜಾನ್ ಫಿಶರ್ ಅವರದು, ಗ್ಯಾಪ್ ಬಟ್ಟೆ ಕಂಪನಿ ಸ್ಥಾಪಿಸಿದ ಕುಟುಂಬದವರು. ಬೀನ್ ಅವರಿಗೂ ತಂಡದಲ್ಲಿ ಸಣ್ಣ ಪಾಲು ಇತ್ತು. ಕ್ರೀಡಾಂಗಣ ಹಾಳುಬೀಳುತ್ತಾ ಹೋಯಿತು. 2013ರ ಜೂನ್‌ನಲ್ಲಿ ಚರಂಡಿ ನೀರು ಉಕ್ಕಿ ಆಟಗಾರರ ಕೋಣೆಗಳಿಗೇ ನುಗ್ಗಿತು. 2023ರಲ್ಲಿ ತಂಡವನ್ನು ಲಾಸ್ ವೇಗಸ್‌ಗೆ ಒಯ್ಯುವ ಸುದ್ದಿ ಬಂದಾಗ, ಆ ಜೂನ್ 13ರಂದು 27,759 ಜನ ಕೊಲಿಸಿಯಂನಲ್ಲಿ ನೆರೆದು ‘ತಂಡ ಮಾರಿ’ ಎಂದು ಕೂಗಿದರು. ಜನ ಬರುವುದಿಲ್ಲ ಎಂಬ ಮಾಲೀಕರ ವಾದಕ್ಕೆ ಅದು ಜನರೇ ಕೊಟ್ಟ ಉತ್ತರ. 2024ರ ಸೆಪ್ಟೆಂಬರ್ 26ರಂದು ಅಲ್ಲಿ ಕೊನೆಯ ಪಂದ್ಯ ಆಡಿ ತಂಡ ಹೊರಟಿತು. (ಮರುವರ್ಷ ಜೂನ್‌ನಲ್ಲಿ ಅದೇ ಮೈದಾನದಲ್ಲಿ ಅಮೆರಿಕದ ಮೇಜರ್ ಲೀಗ್ ಕ್ರಿಕೆಟ್ ನಡೆಯಿತು, ಫಿನ್ ಅಲೆನ್ 51 ಎಸೆತಗಳಲ್ಲಿ 151 ಹೊಡೆದರು. ಆ ಭಾಗದ ಕನ್ನಡಿಗರಿಗೆ ಮನೆಯ ಹತ್ತಿರವೇ ಕ್ರಿಕೆಟ್ ಸಿಕ್ಕಿತು ಎಂಬ ಸಂತೋಷ ನನಗಿದೆ, ಆದರೆ ಖಾಲಿಯಾದ ಜಾಗದಲ್ಲಿ ಸಿಕ್ಕಿತಲ್ಲ ಎಂಬ ನೋವೂ ಇದೆ.)

ಬೀನ್ ಬಿಟ್ಟುಹೋಗಬಹುದಿತ್ತು. 2002ರ ನವೆಂಬರ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಐದು ವರ್ಷಕ್ಕೆ 1.25 ಕೋಟಿ ಡಾಲರ್ ಮುಂದಿಟ್ಟಿತ್ತು. ಒಪ್ಪಿ, ಮತ್ತೆ ಹಿಂದೆ ಸರಿದರು. ಹುಡುಗನಾಗಿದ್ದಾಗ, 1980ರಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ ಓದುವ ಅವಕಾಶ ಬಿಟ್ಟು ಹಣಕ್ಕಾಗಿ ನ್ಯೂಯಾರ್ಕ್ ಮೆಟ್ಸ್‌ಗೆ ಸಹಿ ಹಾಕಿದ್ದರು. ಆಟಗಾರನಾಗಿ 148 ಪಂದ್ಯಗಳಲ್ಲಿ .219 ಸರಾಸರಿಗೆ ಮುಗಿದುಹೋಗಿದ್ದರು. ಹಣಕ್ಕಾಗಿ ಇನ್ನೊಂದು ತೀರ್ಮಾನ ಬೇಡವೆಂದರು. ಬಾಸ್ಟನ್ ಆ ಕುರ್ಚಿಯನ್ನು 28 ವರ್ಷದ ಥಿಯೊ ಎಪ್ಸ್ಟೈನ್‌ಗೆ ಕೊಟ್ಟಿತು. ಅದೇ ಲೆಕ್ಕಾಚಾರ, ಜೊತೆಗೆ ಬಾಸ್ಟನ್‌ನ ಹಣ: 2004ರಲ್ಲಿ 86 ವರ್ಷಗಳ ಬರ ನೀಗಿ ಕಪ್ ಬಂತು. ಇವತ್ತು ಮೂವತ್ತೂ ತಂಡಗಳಲ್ಲಿ ಅಂಕಿಅಂಶ ವಿಭಾಗವಿದೆ. ಎಲ್ಲರೂ ಕಲಿತ ಮೇಲೆ ಓಕ್ಲೆಂಡ್‌ಗೆ ಅಗ್ಗದ ಸರಕು ಉಳಿಯಲಿಲ್ಲ. ಬೀನ್ ಮತ್ತೆ ಹೊಸ ಸಂದುಗಳನ್ನು ಹುಡುಕಬೇಕಾಯಿತು. ಎಡಗೈ, ಬಲಗೈ ಪಿಚರ್‌ಗಳಿಗೆ ತಕ್ಕಂತೆ ಇಬ್ಬರು ಸಾಧಾರಣ ಬ್ಯಾಟರ್‌ಗಳನ್ನು ಒಂದೇ ಜಾಗದಲ್ಲಿ ಸರದಿಯಂತೆ ಆಡಿಸಿ 2012ರಲ್ಲಿ 94, 2013ರಲ್ಲಿ 96 ಗೆದ್ದದ್ದು ಹಾಗೆ. ನನ್ನ ಮಟ್ಟಿಗೆ ಇದು 2002ಕ್ಕಿಂತ ದೊಡ್ಡ ಕೆಲಸ. ಆಗ ಪಿತ್ರಾರ್ಜಿತವೂ ಇರಲಿಲ್ಲ, ಗುಟ್ಟೂ ಉಳಿದಿರಲಿಲ್ಲ. ಈ ತಂಡದ ಮೇಲೆ ಯಾರೂ ಸಿನಿಮಾ ಮಾಡಲಿಲ್ಲ.

ಹಾಲ್ ಆಫ್ ಫೇಮ್ ಕೇಳಿದಿರಿ. ಅಲ್ಲಿಗೆ ಜನರಲ್ ಮ್ಯಾನೇಜರ್‌ಗಳನ್ನು ಸೇರಿಸುವುದು ಒಂದು ಸಮಿತಿ. ಪ್ಯಾಟ್ ಗಿಲಿಕ್ 2011ರಲ್ಲಿ, ಜಾನ್ ಶೂರ್‌ಹೋಲ್ಜ್ 2017ರಲ್ಲಿ ಹಾಗೆ ಸೇರಿದರು. ಇಬ್ಬರೂ ಒಂದಕ್ಕಿಂತ ಹೆಚ್ಚು ಕಪ್ ಗೆದ್ದವರು. ಕಪ್ಪಿಲ್ಲದ ಬೀನ್ ಹೆಸರು ಬಂದಾಗ ಸಮಿತಿ ತಡವರಿಸಬಹುದು. ನನಗೆ ಮತವಿದ್ದರೆ ಹೌದು ಎಂದೇ ಹಾಕುತ್ತೇನೆ, ಡೊನಾಲ್ಡ್‌ಸನ್ ನೆನಪಿಟ್ಟುಕೊಂಡೇ ಹಾಕುತ್ತೇನೆ. ಫಲಕದಲ್ಲಿ ತಂಡದ ಹೆಸರು ಬರೆಯುವಾಗ ಓಕ್ಲೆಂಡ್ ಎಂಬ ಊರಿನ ಹೆಸರನ್ನು ಬಿಡಬಾರದು ಎಂಬುದೊಂದೇ ನನ್ನ ಷರತ್ತು.